ಒಬ್ಬ ಅರಸ, ಎರಡು ಶಾಸನಸಭೆ: ನಾರ್ವೆ ಬೇರೆಯಾದ ಬಗೆ

ಪರದೇಶದ ಬಂದರಿನಲ್ಲಿ ನಾವಿಕನೊಬ್ಬನು ಕಾಯಿಲೆ ಬಿದ್ದರೆ, ಹಡಗಿನ ಕಪ್ತಾನನು ಅವನ ಸಂಬಳವನ್ನು ತಡೆಹಿಡಿದರೆ, ಇಲ್ಲವೆ ಬಿರುಗಾಳಿಗೆ ಸಿಕ್ಕು ಹಡಗೇ ಒಡೆದು ಅವನು ಉಟ್ಟ ಬಟ್ಟೆಯಲ್ಲಿ ದಡ ಸೇರಿದರೆ, ಅವನ ಪಾಲಿಗೆ ಸ್ವದೇಶದ ಸರ್ಕಾರವೆಂಬುದೆಲ್ಲ ಆ ಊರಿನಲ್ಲಿರುವ ಕಾನ್ಸಲನೆಂಬ ಒಬ್ಬ ಅಧಿಕಾರಿಯೇ. ವ್ಯಾಪಾರದ ಕಾಗದಪತ್ರಗಳಿಗೆ ಮುದ್ರೆಯೊತ್ತುವುದು, ಹಡಗಿನವರ ವ್ಯಾಜ್ಯಗಳನ್ನು ತೀರಿಸುವುದು, ದಿಕ್ಕುಗೆಟ್ಟ ನಾವಿಕನನ್ನು ಊರಿಗೆ ಕಳುಹಿಸಿಕೊಡುವುದು, ಇವು ಅವನ ನಿತ್ಯದ ಉದ್ಯೋಗ. ರಾಜತಂತ್ರದ ಸೋಪಾನದಲ್ಲಿ ಅವನದು ಕೆಳಗಿನ ಮೆಟ್ಟಿಲು. ಇಂತಹ ಅಧಿಕಾರಿಯನ್ನು ನೇಮಿಸತಕ್ಕವರು ಯಾರು, ಅವನು ಯಾರ ಅಪ್ಪಣೆಗೆ ಒಳಪಟ್ಟವನು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಯೂರೋಪಿನ ಉತ್ತರದ ಎರಡು ರಾಜ್ಯಗಳು ಒಂದೂವರೆ ದಶಕದಷ್ಟು ಕಾಲ ವಾದಿಸಿ, ಕೊನೆಗೆ 1905ರಲ್ಲಿ ತಮ್ಮ ತೊಂಬತ್ತೊಂದು ವರ್ಷಗಳ ಕೂಟವನ್ನೇ ಮುರಿದುಕೊಂಡುವು. ದೂರದಿಂದ ನೋಡುವವರಿಗೆ ಇದು ಅಲ್ಪಕಾರಣದ ಕಲಹವೆಂದು ತೋರುವುದು ಸಹಜ. ಆದರೆ ಆ ಕೂಟದ ಇತಿಹಾಸವನ್ನು ಮೊದಲಿನಿಂದ ಓದಿಕೊಂಡು ಬಂದವನಿಗೆ, ಕಾನ್ಸಲನ ಪ್ರಶ್ನೆಯು ಬರಿಯ ನೆಪವಾಗಿರಲಿಲ್ಲವೆಂಬುದೂ, ಒಬ್ಬ ಅರಸನ ತಲೆಯ ಮೇಲೆ ಎರಡು ಕಿರೀಟಗಳನ್ನಿರಿಸಿದ ಹಿರಿಯರು, ಅವನ ಇಕ್ಕೆಲಗಳಲ್ಲಿಯೂ ಎರಡು ಶಾಸನಸಭೆಗಳು ಬೆಳೆದು ಬಲಿತ ಮೇಲೆ ಅವನು ಯಾರ ಮಾತನ್ನು ಕೇಳತಕ್ಕದ್ದೆಂಬುದನ್ನು ಆಲೋಚಿಸಿಯೇ ಇರಲಿಲ್ಲವೆಂಬುದೂ ಮನವರಿಕೆಯಾಗುತ್ತದೆ.

ನಾರ್ವೆಯು ನಾಲ್ಕು ಶತಮಾನಗಳಿಗೂ ಮಿಕ್ಕು ಡೆನ್ಮಾರ್ಕಿನ ಅರಸರ ಆಳ್ವಿಕೆಯಲ್ಲಿದ್ದ ದೇಶ. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಡೆನ್ಮಾರ್ಕು ಅವನ ಪಕ್ಷವನ್ನು ಹಿಡಿಯಿತು. ಅದರ ಫಲವಾಗಿ ಬ್ರಿಟಿಷ್ ನೌಕಾಪಡೆಯು ಸಮುದ್ರವನ್ನು ಅಡ್ಡಗಟ್ಟಿ, ಹೊರಗಿನ ಧಾನ್ಯವಿಲ್ಲದೆ ಬದುಕಲಾರದ ನಾರ್ವೆಯ ಜನರು ಹಸಿವಿನಿಂದ ಬಳಲಿದರು. ಇತ್ತ ಸ್ವೀಡನ್ನು 1809ರಲ್ಲಿ ಫಿನ್ಲೆಂಡನ್ನು ರಷ್ಯಕ್ಕೆ ಕಳೆದುಕೊಂಡು, ಆ ನಷ್ಟಕ್ಕೆ ಪ್ರತಿಯಾಗಿ ಏನನ್ನಾದರೂ ಪಡೆಯಬೇಕೆಂದು ಹಂಬಲಿಸುತ್ತಿದ್ದಿತು. ಸಂತಾನವಿಲ್ಲದ ಮುದಿ ಅರಸನಿಗೆ ಉತ್ತರಾಧಿಕಾರಿಯನ್ನಾಗಿ ಸ್ವೀಡನ್ನಿನವರು 1810ರಲ್ಲಿ ಆರಿಸಿಕೊಂಡದ್ದು ನೆಪೋಲಿಯನ್ನನ ಸೇನಾಪತಿಗಳಲ್ಲೊಬ್ಬನಾಗಿದ್ದ ಬರ್ನಡಾಟನನ್ನು. ಫ್ರಾನ್ಸಿನ ದಕ್ಷಿಣದ ಪೋ ಎಂಬ ಊರಿನ ನ್ಯಾಯವಾದಿಯೊಬ್ಬನ ಮಗನಾದ ಈತನು ಕಾರ್ಲ್ ಯೋಹಾನ್ ಎಂಬ ಹೊಸ ಹೆಸರನ್ನು ತಳೆದು, ತನ್ನ ಹಳೆಯ ಒಡೆಯನ ಶತ್ರುಗಳೊಡನೆ ಸೇರಿ, ಆ ಸಹಾಯಕ್ಕೆ ಬೆಲೆಯಾಗಿ ನಾರ್ವೆಯನ್ನು ಕೇಳಿದನು. 1814ರ ಜನವರಿ 14ರಂದು ಕೀಲ್ ನಗರದಲ್ಲಿ ಆದ ಒಪ್ಪಂದದಲ್ಲಿ ಡೆನ್ಮಾರ್ಕಿನ ಅರಸನು ನಾರ್ವೆಯನ್ನು ಸ್ವೀಡನ್ನಿನ ಅರಸನಿಗೆ ಬಿಟ್ಟುಕೊಟ್ಟನು. ನಾರ್ವೆಯವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಕೇಳದೆ ಇದ್ದುದೇ ಅವರಿಗೆ ಸಮಯವನ್ನು ಒದಗಿಸಿಕೊಟ್ಟಿತು. ಡೆನ್ಮಾರ್ಕಿನ ಪರವಾಗಿ ಅಲ್ಲಿ ಪ್ರತಿನಿಧಿಯಾಗಿದ್ದ ತರುಣ ರಾಜಕುಮಾರ ಕ್ರಿಶ್ಚಿಯನ್ ಫ್ರೆಡರಿಕನು ಒಪ್ಪಂದವನ್ನು ಧಿಕ್ಕರಿಸಿ, ದೇಶದ ಪ್ರತಿನಿಧಿಗಳ ಸಭೆಯೊಂದನ್ನು ಕರೆದನು. ಕಬ್ಬಿಣದ ಕಾರ್ಖಾನೆಯ ಒಡೆಯನಾಗಿದ್ದ ಕಾರ್ಸ್ಟನ್ ಆಂಕರನೆಂಬವನ ಐಡ್ಸ್‌ವೋಲಿನ ಭವನದಲ್ಲಿ ಏಪ್ರಿಲ್ ತಿಂಗಳಲ್ಲಿ 112 ಮಂದಿ ನೆರೆದರು: ಅಧಿಕಾರಿಗಳು, ಪಾದ್ರಿಗಳು, ವರ್ತಕರು, ಕಾರ್ಖಾನೆದಾರರು, ರೈತರು. ಉತ್ತರದ ತುದಿಯ ಪ್ರಾಂತಗಳಿಂದ ಒಬ್ಬನೂ ಇರಲಿಲ್ಲ. ಆ ಹಿಮದ ದಿನಗಳಲ್ಲಿ ಕರೆಯೋಲೆಯು ಅಲ್ಲಿಗೆ ತಲಪಿ, ಚುನಾವಣೆ ನಡೆದು, ಆಯ್ಕೆಯಾದವರು ಬಂದು ಸೇರುವಷ್ಟು ಕಾಲವಿರಲಿಲ್ಲ. ಐದೇ ವಾರಗಳಲ್ಲಿ ಅವರು ಸಂವಿಧಾನವೊಂದನ್ನು ರಚಿಸಿದರು. ಮೇ 17ರಂದು ಅದು ಅಂಗೀಕೃತವಾಗಿ, ಅಂದೇ ಕ್ರಿಶ್ಚಿಯನ್ ಫ್ರೆಡರಿಕನು ನಾರ್ವೆಯ ಅರಸನಾಗಿ ಚುನಾಯಿತನಾದನು. ಆ ಕಾಲದ ಯೂರೋಪಿನಲ್ಲಿ ಅಷ್ಟು ಉದಾರವಾದ ಸಂವಿಧಾನಗಳು ವಿರಳವಾಗಿದ್ದುವೆಂಬುದು ನಿಜವಾದರೂ, ಅದರ ಎರಡನೆಯ ವಿಧಿಯೇ ಯೆಹೂದ್ಯರಿಗೆ ದೇಶದ ಪ್ರವೇಶವನ್ನು ನಿಷೇಧಿಸಿತ್ತೆಂಬುದನ್ನೂ, ಆ ಕಳಂಕವು ತೊಡೆದುಹೋಗಲು 1851ರವರೆಗೆ ಕಾಯಬೇಕಾಯಿತೆಂಬುದನ್ನೂ ಮರೆಯಲಾಗದು.

ಐಡ್ಸ್‌ವೋಲಿನಲ್ಲಿ ನೆರೆದವರೆಲ್ಲರೂ ಏಕಾಭಿಪ್ರಾಯದವರಾಗಿದ್ದರೆಂದು ಭಾವಿಸಬಾರದು. ಸ್ವಾತಂತ್ರ್ಯವೇ ಬೇಕೆನ್ನುವವರು ಬಹುಸಂಖ್ಯಾತರು. ನ್ಯಾಯಾಧೀಶನಾಗಿದ್ದ ಫಾಲ್ಸನನು ಅವರಿಗೆ ಮುಂದಾಳು. ಆದರೆ ಸ್ವೀಡನ್ನಿನೊಡನೆ ಸೇರುವುದೇ ಕ್ಷೇಮವೆಂದು ವಾದಿಸಿದ ಅಲ್ಪಸಂಖ್ಯಾತರಲ್ಲಿ ಬುದ್ಧಿವಂತರಿಗೆ ಕೊರತೆಯಿರಲಿಲ್ಲ. ಅವರ ನಾಯಕನಾದ ವೇಡೆಲ್ ಯಾರ್ಲ್ಸ್‌ಬರ್ಗ್ ಎಂಬ ಕೌಂಟನು ಬ್ರಿಟಿಷರು ಸಮುದ್ರವನ್ನು ಮುಚ್ಚಿದ್ದ ಕಾಲದಲ್ಲಿ ಹಸಿದವರಿಗೆ ಧಾನ್ಯವನ್ನು ತರಿಸಿಕೊಡಲು ಹೆಣಗಿದ್ದವನು. ಖಾಲಿ ಕಣಜದ ಮೇಲೆ ಸಿಂಹಾಸನವನ್ನು ಕಟ್ಟಲಾಗದೆಂಬುದನ್ನು ಅವನು ಗ್ರಂಥಗಳಿಂದ ಕಲಿತವನಲ್ಲ. ಮಹಾಶಕ್ತಿಗಳೆಲ್ಲವೂ ಕೀಲ್ ಒಪ್ಪಂದವನ್ನು ಎತ್ತಿಹಿಡಿದಿರುವಾಗ, ಇಂಗ್ಲೆಂಡಿನ ಹಡಗುಗಳು ಮತ್ತೊಮ್ಮೆ ಕರಾವಳಿಗೆ ಬಂದು ನಿಂತರೆ ಮುಂದಿನ ಚಳಿಗಾಲಕ್ಕೆ ಹಿಟ್ಟೆಲ್ಲಿಂದ ಬಂದೀತು ಎಂಬುದು ಅವನ ಪಕ್ಷದ ಪ್ರಶ್ನೆ. ಆ ಪಕ್ಷದಲ್ಲಿ ನಿಕೊಲಾಯ್ ವೆರ್ಗೆಲಾನನೆಂಬ ಪಾದ್ರಿಯೂ ಒಬ್ಬನಿದ್ದನು. ಅವನ ಮಗನೇ ಹೆನ್ರಿಕ್ ವೆರ್ಗೆಲಾನ್: ಮುಂದೆ ನಾರ್ವೆಯ ಮಹಾಕವಿಯೆನಿಸಿ, ಮೇ 17ನ್ನು ಜನತೆಯ ಹಬ್ಬವನ್ನಾಗಿ ಮಾಡಿ, ಸ್ವಾತಂತ್ರ್ಯದ ವಾಣಿಯೆಂದು ಪೂಜಿತನಾದವನು. ತಂದೆಯು ಸಂಯೋಗವಾದಿ, ಮಗನು ಸ್ವಾತಂತ್ರ್ಯವಾದಿ. ಆದರೂ ಇಬ್ಬರಲ್ಲಿ ದೇಶದ್ರೋಹಿಯೆನ್ನಿಸಿಕೊಳ್ಳಬೇಕಾದವನು ಯಾವನೂ ಇಲ್ಲವೆಂದು ನನ್ನ ಎಣಿಕೆ.

ವೇಡೆಲನ ಭಯವು ಬೇಗನೆ ನಿಜವಾಯಿತು. ಜುಲೈ ಕೊನೆಯಲ್ಲಿ ಕಾರ್ಲ್ ಯೋಹಾನನು ಸೈನ್ಯದೊಡನೆ ಗಡಿಯನ್ನು ದಾಟಿದನು; ಎರಡು ವಾರಗಳೊಳಗೆ ಯುದ್ಧವು ಮುಗಿದು, ಆಗಸ್ಟ್ 14ರಂದು ಮೋಸ್ ಎಂಬ ಪಟ್ಟಣದಲ್ಲಿ ಒಡಂಬಡಿಕೆಯಾಯಿತು. ಗೆದ್ದವನು ಅಲ್ಲಿ ತೋರಿದ ಸಂಯಮವು ಸೋಜಿಗವನ್ನುಂಟುಮಾಡುತ್ತದೆ. ಕ್ರಿಶ್ಚಿಯನ್ ಫ್ರೆಡರಿಕನು ಪದತ್ಯಾಗ ಮಾಡಬೇಕು, ಆದರೆ ಐಡ್ಸ್‌ವೋಲಿನ ಸಂವಿಧಾನವು ಸಂಯೋಗಕ್ಕೆ ಅವಶ್ಯವಾದ ತಿದ್ದುಪಡಿಗಳೊಡನೆ ಉಳಿಯಬಹುದು, ಎಂಬ ಕರಾರಿಗೆ ಅವನು ಸಮ್ಮತಿಸಿದನು. ಅದರಂತೆ ಸ್ಟೂರ್ಟಿಂಗ್ ಎಂಬ ಅವರ ಶಾಸನಸಭೆಯು ನೆರೆದು, ತಿದ್ದುಪಡಿಗಳನ್ನು ತಾನೇ ಚರ್ಚಿಸಿ ಅಂಗೀಕರಿಸಿ, ನವೆಂಬರ್ 4ರಂದು ಸ್ವೀಡನ್ನಿನ ಅರಸನನ್ನು ನಾರ್ವೆಯ ಅರಸನನ್ನಾಗಿ ಆರಿಸಿತು.

ಮುಂದಿನ ತೊಂಬತ್ತು ವರ್ಷಗಳ ವಾದವೆಲ್ಲ ಜನವರಿ 14, ನವೆಂಬರ್ 4 ಎಂಬ ಎರಡು ದಿನಾಂಕಗಳ ನಡುವಿನ ವ್ಯಾಜ್ಯವೆಂದರೆ ಅತಿಶಯೋಕ್ತಿಯಾಗದು. ಸ್ವೀಡನ್ನಿನ ಪಂಡಿತರ ದೃಷ್ಟಿಯಲ್ಲಿ ಸಂಯೋಗದ ಮೂಲವು ಕೀಲ್ ಒಪ್ಪಂದ: ಫಿನ್ಲೆಂಡಿಗೆ ಬದಲಾಗಿ ನ್ಯಾಯವಾಗಿ ಬಂದ ರಾಜ್ಯ ನಾರ್ವೆ, ಅದರ ಸಂವಿಧಾನವು ವಿಜೇತನ ಔದಾರ್ಯದ ಕಾಣಿಕೆ. ನಾರ್ವೆಯ ಪಂಡಿತರಿಗೆ ಕೀಲ್ ಎಂಬುದು ಪರರ ಸೊತ್ತನ್ನು ಪರರು ಮಾರಿದ ಕ್ರಯಪತ್ರ. ಅದಕ್ಕೆ ಕಾನೂನಿನ ಬಲವಿಲ್ಲ. ಸಂಯೋಗವು ಹುಟ್ಟಿದುದು ನವೆಂಬರ್ 4ರಂದು, ಸ್ವತಂತ್ರವಾದ ರಾಷ್ಟ್ರವೊಂದು ಸ್ವೇಚ್ಛೆಯಿಂದ ತನ್ನ ಅರಸನನ್ನು ಆರಿಸಿಕೊಂಡಾಗ. ಒಂದು ಪಕ್ಷದ ಪ್ರಕಾರ ಸಮಾನತೆಯು ಕೊಟ್ಟದ್ದು. ಇನ್ನೊಂದು ಪಕ್ಷದ ಪ್ರಕಾರ ಅದು ಇದ್ದದ್ದು. ವಾಸ್ತವವಾಗಿ ಎರಡೂ ಕಡೆ ಅರ್ಧ ಸತ್ಯವಿತ್ತು. ಸೈನ್ಯವು ಗಡಿ ದಾಟದೆ ನವೆಂಬರ್ 4ರ ಆ ಸ್ವೇಚ್ಛೆಯು ಹುಟ್ಟುತ್ತಿರಲಿಲ್ಲ. ಐಡ್ಸ್‌ವೋಲಿನ ಸಭೆ ನಡೆಯದಿದ್ದಲ್ಲಿ ಆ ಔದಾರ್ಯಕ್ಕೂ ಅವಕಾಶವಿರುತ್ತಿರಲಿಲ್ಲ.

ಇಂತು ಏರ್ಪಟ್ಟ ಕೂಟದಲ್ಲಿ ಅರಸನೊಬ್ಬನೇ ಸಾಮಾನ್ಯ. ಶಾಸನಸಭೆ, ಮಂತ್ರಿಮಂಡಲ, ನ್ಯಾಯಾಲಯ, ನಾಣ್ಯ, ಸೈನ್ಯ, ಚರ್ಚು, ಎಲ್ಲವೂ ಬೇರೆಬೇರೆ. ಎರಡು ದೇಶಗಳ ಪ್ರತಿನಿಧಿಗಳು ಒಟ್ಟಿಗೆ ಕುಳಿತು ಮಾತನಾಡುವ ಒಂದು ಸಭೆಯನ್ನು ಯಾರೂ ನಿರ್ಮಿಸಲಿಲ್ಲ. ವಿದೇಶ ವ್ಯವಹಾರವು ಮಾತ್ರ ಅರಸನ ಕೈಯಲ್ಲಿದ್ದು, ಅದನ್ನು ಅವನ ಪರವಾಗಿ ನಡೆಸುವವನು ಸ್ವೀಡನ್ನಿನ ವಿದೇಶಾಂಗ ಮಂತ್ರಿಯಾಗಿದ್ದನು. ಅರಸನು ನಿಜವಾಗಿ ಆಳುತ್ತಿದ್ದ ದಿನಗಳಲ್ಲಿ ಇದು ಹೇಗೋ ನಡೆದುಹೋಯಿತು. ಮಧ್ಯೆ ಮಧ್ಯೆ ಕಿಡಿ ಹಾರಿದ್ದುಂಟು. ಮೇ 17ರ ಉತ್ಸವವನ್ನು ಕಾರ್ಲ್ ಯೋಹಾನನು ತನಗೆ ಅವಮಾನವೆಂದು ಬಗೆದನು. 1829ರಲ್ಲಿ ಅದೇ ದಿನ ರಾಜಧಾನಿ ಕ್ರಿಶ್ಚಿಯಾನಿಯಾದ ಪೇಟೆಯ ಚೌಕದಲ್ಲಿ, ‘ಸಂವಿಧಾನ’ವೆಂಬ ಹೆಸರನ್ನೇ ಹೊತ್ತ ಉಗಿಹಡಗೊಂದನ್ನು ಸ್ವಾಗತಿಸಿ ನೆರೆದಿದ್ದ ಜನರ ಮೇಲೆ ಕುದುರೆಸವಾರರನ್ನು ಹರಿಯಬಿಟ್ಟದ್ದರಿಂದ ಆ ಹಬ್ಬವು ಇನ್ನಷ್ಟು ಬೇರೂರಿತು. 1844ರಲ್ಲಿ ಎರಡು ದೇಶಗಳ ಧ್ವಜಗಳ ಮೂಲೆಯಲ್ಲಿಯೂ ಎಲ್ಲ ಬಣ್ಣಗಳನ್ನೂ ಬೆರೆಸಿದ ಸಂಯೋಗಚಿಹ್ನೆಯನ್ನು ಸೇರಿಸಿದರು. ಅದು ಸಮಾನತೆಯ ಗುರುತೆಂದು ಮೊದಲು ಮೆಚ್ಚಿಕೊಂಡ ಜನರೇ ಮುಂದೆ ಅದನ್ನು ಹೆರಿಂಗ್ ಮೀನಿನ ಕೋಸುಂಬರಿಯೆಂದು ಹಾಸ್ಯಮಾಡಿದರು. ಇವೆಲ್ಲ ಮೇಲಿನ ಅಲೆಗಳು. ಆಳದ ಸೆಳೆತವು ಕಾಣಿಸಿದುದು 1860ರಲ್ಲಿ: ನಾರ್ವೆಯಲ್ಲಿ ಅರಸನ ಪ್ರತಿನಿಧಿಯಾದ ಸ್ಟಾಟ್‌ಹೋಲ್ಡರನ ಪದವಿಯನ್ನು ರದ್ದುಗೊಳಿಸುವುದಾಗಿ ನಾರ್ವೆಯವರಿಗೆ ಮಾತು ಕೊಟ್ಟಿದ್ದ ಹದಿನೈದನೆಯ ಕಾರ್ಲನು, ಸ್ವೀಡನ್ನಿನ ಮಂತ್ರಿಗಳೂ ಶಾಸನಸಭೆಯೂ ತಿರುಗಿಬಿದ್ದೊಡನೆ ಆ ಮಾತನ್ನು ನುಂಗಿಕೊಳ್ಳಬೇಕಾಯಿತು. ನಾರ್ವೆಯ ಅರಸನಾಗಿ ಕೊಟ್ಟ ವಚನವನ್ನು ಸ್ವೀಡನ್ನಿನ ಅರಸನಾಗಿ ಮುರಿದ ಈ ಪ್ರಸಂಗದಲ್ಲಿಯೇ ಮುಂದಿನದೆಲ್ಲವೂ ಅಡಗಿದ್ದಿತು.

ಕೂಟದ ಆಯುಷ್ಯವನ್ನು ನಿಶ್ಚಯಿಸಿದ ವರ್ಷ 1905 ಅಲ್ಲ, 1884 ಎಂದು ನಾನು ತಿಳಿಯುತ್ತೇನೆ. ಮಂತ್ರಿಗಳು ಸ್ಟೂರ್ಟಿಂಗಿಗೆ ಬಂದು ಕುಳಿತು ಪ್ರಶ್ನೆಗಳಿಗೆ ಉತ್ತರ ಹೇಳಬೇಕೆಂಬ ತಿದ್ದುಪಡಿಯನ್ನು ಆ ಸಭೆಯು ಮತ್ತೆ ಮತ್ತೆ ಅಂಗೀಕರಿಸಿ, ಅರಸನಾದ ಎರಡನೆಯ ಆಸ್ಕರನು ಮತ್ತೆ ಮತ್ತೆ ನಿರಾಕರಿಸಿ, ಕೊನೆಗೆ ಯೋಹಾನ್ ಸ್ವೆರ್ಡ್ರುಪನ ನೇತೃತ್ವದಲ್ಲಿ ಶಾಸನಸಭೆಯು ಅರಸನ ಮಂತ್ರಿಗಳ ಮೇಲೆಯೇ ದೋಷಾರೋಪಣೆ ಮಾಡಿತು. ಮಹಾಭಿಯೋಗದ ನ್ಯಾಯಾಲಯವು ಪ್ರಧಾನಿ ಸೆಲ್ಮೆರನನ್ನು ಪದಚ್ಯುತಗೊಳಿಸಿತು. ಅರಸನು ಬೇರೆ ದಾರಿಗಾಣದೆ ಸ್ವೆರ್ಡ್ರುಪನನ್ನೇ ಕರೆದು ಮಂತ್ರಿಮಂಡಲವನ್ನು ರಚಿಸಹೇಳಿದನು. ಅಂದಿನಿಂದ ನಾರ್ವೆಯಲ್ಲಿ ಶಾಸನಸಭೆಯ ವಿಶ್ವಾಸವಿಲ್ಲದ ಮಂತ್ರಿಯು ನಿಲ್ಲಲಾರದವನಾದನು. ಮರುವರ್ಷವೇ ಸ್ವೀಡನ್ನು ತನ್ನ ಸಂವಿಧಾನವನ್ನು ತಿದ್ದಿ, ವಿದೇಶ ವ್ಯವಹಾರದಲ್ಲಿ ಅರಸನಿಗಿದ್ದ ವೈಯಕ್ತಿಕ ಅಧಿಕಾರವನ್ನು ಮೊಟಕುಗೊಳಿಸಿ, ಅದನ್ನು ತನ್ನ ಮಂತ್ರಿಗಳ ಹೊಣೆಗೆ ಒಪ್ಪಿಸಿತು. ಪ್ರಜಾಪ್ರಭುತ್ವದ ದೃಷ್ಟಿಯಿಂದ ಎರಡೂ ಪ್ರಶಂಸನೀಯವಾದ ಸುಧಾರಣೆಗಳೇ. ಆದರೆ ಎರಡೂ ಸೇರಿ ಕೂಟದ ತಳವನ್ನು ತೋಡಿದುವು. ಮೊದಲು ತಮ್ಮಿಬ್ಬರಿಗೂ ಸಾಮಾನ್ಯನಾದ ಅರಸನು ವಿದೇಶ ವ್ಯವಹಾರವನ್ನು ನಡೆಸುತ್ತಾನೆಂದು ನಾರ್ವೆಯವರು ಸಮಾಧಾನಪಟ್ಟುಕೊಳ್ಳಬಹುದಾಗಿತ್ತು. ಈಗ ಅದನ್ನು ನಡೆಸುವವನು ತಮಗೆ ಉತ್ತರ ಹೇಳಬೇಕಾಗಿಲ್ಲದ, ಇನ್ನೊಂದು ದೇಶದ ಶಾಸನಸಭೆಗೆ ಮಾತ್ರ ಬಾಧ್ಯನಾದ ಮಂತ್ರಿ. ಸ್ವಾತಂತ್ರ್ಯವು ಎರಡು ದೇಶಗಳಲ್ಲಿಯೂ ಬೆಳೆದಷ್ಟೂ ಅವುಗಳ ನಡುವಣ ಅಸಮಾನತೆಯು ಹೆಚ್ಚು ನಿಚ್ಚಳವಾಗುತ್ತ ಬಂದಿತು.

ಕಾನ್ಸಲನ ಪ್ರಶ್ನೆಗೆ ಅಷ್ಟು ಬಿಸಿಯೇರಿದುದಕ್ಕೆ ಇಲ್ಲಿದೆ ಕಾರಣ. ಇಪ್ಪತ್ತಮೂರು ಲಕ್ಷ ಜನರ ಆ ಬಡದೇಶದ ವಾಣಿಜ್ಯ ನೌಕಾಸಮೂಹವು ಆ ಕಾಲಕ್ಕೆ ಪ್ರಪಂಚದ ಅತಿ ದೊಡ್ಡವುಗಳಲ್ಲಿ ಒಂದು. ಸ್ವೀಡನ್ನಿನದಕ್ಕಿಂತ ಬಹಳ ಮಿಗಿಲು. ಸ್ವೀಡನ್ನು ಸುಂಕದ ಗೋಡೆಯೆಬ್ಬಿಸಿ ತನ್ನ ಕೃಷಿಕರನ್ನೂ ಕೈಗಾರಿಕೆಯನ್ನೂ ಕಾಯಹೊರಟಿದ್ದರೆ, ಪರರ ಸರಕನ್ನು ಹೊತ್ತು ಕೂಲಿಯಿಂದ ಬದುಕುವ ನಾರ್ವೆಗೆ ಮುಕ್ತ ವಾಣಿಜ್ಯವೇ ಜೀವಾಳ. ಒಂದೇ ಕಾನ್ಸಲನು ಈ ಎರಡು ವಿರುದ್ಧ ಹಿತಗಳನ್ನು ಕಾಯುವುದೆಂತು? 1892ರಲ್ಲಿ ಸ್ಟೂರ್ಟಿಂಗ್ ಪ್ರತ್ಯೇಕ ಕಾನ್ಸಲ್ ವ್ಯವಸ್ಥೆ ಬೇಕೆಂದು ನಿರ್ಣಯಿಸಿತು, ಅರಸನು ಒಪ್ಪಲಿಲ್ಲ. 1895ರಲ್ಲಿ ಸ್ವೀಡನ್ನಿನಲ್ಲಿ ಯುದ್ಧದ ಮಾತು ಕೇಳಿಬಂದಾಗ, ಸಿದ್ಧತೆಯಿಲ್ಲದ ನಾರ್ವೆಯು ತಲೆತಗ್ಗಿಸಿ ಮಾತುಕತೆಗೆ ಬಂದಿತು. ಆ ಅವಮಾನವನ್ನು ಅದು ಮರೆಯಲಿಲ್ಲ. ಮುಂದಿನ ಹತ್ತು ವರ್ಷ ಗಡಿಯುದ್ದಕ್ಕೂ ಕೋಟೆಗಳನ್ನು ಕಟ್ಟಿತು, ಯುದ್ಧನೌಕೆಗಳನ್ನು ಕೊಂಡಿತು. 1903ರಲ್ಲಿ ರಾಜಿಯ ಬೆಳಕೊಂದು ಕಾಣಿಸಿ, ಪ್ರತ್ಯೇಕ ಕಾನ್ಸಲರು ಇರಬಹುದೆಂದು ಎರಡು ಕಡೆಯವರೂ ತತ್ತ್ವತಃ ಒಪ್ಪಿದರು. ಆದರೆ ಮರುವರ್ಷ ಸ್ವೀಡನ್ನಿನ ಪ್ರಧಾನಿ ಬೂಸ್ಟ್ರಮನು ಮುಂದಿಟ್ಟ ಷರತ್ತುಗಳಲ್ಲಿ, ನಾರ್ವೆಯ ಕಾನ್ಸಲನನ್ನು ಸ್ವೀಡನ್ನಿನ ವಿದೇಶಾಂಗ ಮಂತ್ರಿಯು ಹುದ್ದೆಯಿಂದ ತೆಗೆಸಬಹುದೆಂಬ ಅರ್ಥದ ಮಾತೂ ಇದ್ದುದರಿಂದ, ಅವು ಸಾಮಂತರಾಜ್ಯಕ್ಕೆ ತಕ್ಕ ಷರತ್ತುಗಳೆಂದು ನಾರ್ವೆಯ ಸಂಯೋಗವಾದಿಗಳೂ ಕೆರಳಿದರು. ಕೂಟವನ್ನು ಉಳಿಸಲೆಂದು ಬಿಗಿಹಿಡಿದ ಕೈಯೇ ಅದರ ಕೊನೆಯ ಮಿತ್ರರನ್ನು ದೂರಮಾಡಿತು.

1905ರ ಮಾರ್ಚಿನಲ್ಲಿ ಪ್ರಧಾನಿಯಾದ ಕ್ರಿಶ್ಚಿಯನ್ ಮಿಕೆಲ್ಸನನು ಬೆರ್ಗೆನ್ನಿನ ಹಡಗುಗಳ ಒಡೆಯ; ವಕೀಲಿಯನ್ನೂ ಬಲ್ಲವನು. ಅವನ ಯೋಜನೆಯು ಹಡಗಿನ ಲೆಕ್ಕಪತ್ರದಷ್ಟೇ ನಿರಾಡಂಬರವಾಗಿತ್ತು. ಮೇ ತಿಂಗಳಲ್ಲಿ ಸ್ಟೂರ್ಟಿಂಗ್ ಒಮ್ಮತದಿಂದ ಕಾನ್ಸಲ್ ಶಾಸನವನ್ನು ಅಂಗೀಕರಿಸಿತು. 27ರಂದು ಸ್ಟಾಕ್‌ಹೋಮಿನ ಅರಮನೆಯಲ್ಲಿ ಆಸ್ಕರನು ಅದಕ್ಕೆ ಸಮ್ಮತಿಯನ್ನು ನಿರಾಕರಿಸಿದನು. ಅಲ್ಲಿದ್ದ ನಾರ್ವೆಯ ಮಂತ್ರಿಗಳು ಆ ನಿರಾಕರಣೆಗೆ ಸಹಿ ಹಾಕಲೊಲ್ಲದೆ ರಾಜೀನಾಮೆಯಿತ್ತರು. ಆಗ ಅರಸನು, ಈಗ ಬೇರೊಂದು ಮಂತ್ರಿಮಂಡಲವನ್ನು ರಚಿಸುವುದು ಸಾಧ್ಯವಿಲ್ಲವೆಂಬುದು ಸ್ಪಷ್ಟವಾಗಿರುವುದರಿಂದ ರಾಜೀನಾಮೆಯನ್ನು ಸ್ವೀಕರಿಸಲಾಗದೆಂದು ಹೇಳಿದನು. ಎಪ್ಪತ್ತಾರು ವರ್ಷದ ಆ ವೃದ್ಧನು, ‘ಸಹೋದರ ಜನಾಂಗಗಳ ಹಿತ’ವೆಂಬುದನ್ನು ತನ್ನ ಆಳ್ವಿಕೆಯ ಧ್ಯೇಯವಾಕ್ಯವನ್ನಾಗಿ ಇಟ್ಟುಕೊಂಡಿದ್ದವನು, ಸದ್ಭಾವದಿಂದಲೇ ಆಡಿದ ಮಾತಿದು. ಮಿಕೆಲ್ಸನನಿಗೆ ಬೇಕಾಗಿದ್ದುದೂ ಇದೇ. ಅರಸನಿಗೆ ಮಂತ್ರಿಗಳಿರಲೇಬೇಕೆಂದು ಸಂವಿಧಾನವು ಹೇಳುತ್ತದೆ; ಮಂತ್ರಿಗಳನ್ನು ಒದಗಿಸಿಕೊಳ್ಳಲಾರೆನೆಂದು ಅರಸನೇ ಹೇಳಿದ್ದಾನೆ; ಆದಕಾರಣ ರಾಜಾಧಿಕಾರವು ನಿಂತುಹೋಗಿದೆ. ಜೂನ್ 7ರಂದು ಸಭಾಧ್ಯಕ್ಷನಾದ ಕಾರ್ಲ್ ಬೆರ್ನೆರನು ಓದಿದ ನಿರ್ಣಯದ ಪ್ರಧಾನವಾಕ್ಯವು, ಮಿಕೆಲ್ಸನನ ಮಂತ್ರಿಮಂಡಲವೇ ಸದ್ಯಕ್ಕೆ ಆಡಳಿತವನ್ನು ನಡೆಸತಕ್ಕದ್ದೆಂಬುದು. ಅರಸನು ನಾರ್ವೆಯ ಅರಸನಾಗಿ ಕಾರ್ಯನಿರ್ವಹಿಸುವುದನ್ನು ನಿಲ್ಲಿಸಿರುವುದರಿಂದ ಒಬ್ಬನೇ ಅರಸನ ಅಧೀನದಲ್ಲಿ ಸ್ವೀಡನ್ನಿನೊಡನಿದ್ದ ಸಂಯೋಗವು ವಿಸರ್ಜಿತವಾಗಿದೆಯೆಂಬುದು ಅದಕ್ಕೆ ಹೊಂದಿಸಿದ ಒಂದು ಉಪವಾಕ್ಯ ಮಾತ್ರ. ಜೊತೆಗೆ, ಆಸ್ಕರನ ವಂಶದ ರಾಜಕುಮಾರನೊಬ್ಬನನ್ನೇ ತಮಗೆ ಅರಸನಾಗಿ ಕಳುಹಿಸಿಕೊಡಬೇಕೆಂಬ ವಿನಯಪೂರ್ವಕವಾದ ಬಿನ್ನಹವೂ ಹೋಯಿತು. ನ್ಯಾಯಶಾಸ್ತ್ರಜ್ಞನು ಈ ತರ್ಕವನ್ನು ಒಡೆಯಬಹುದು. ಅದು ಒಂದು ಕ್ಷಣದ ಮಾತನ್ನು ಶಾಶ್ವತವೆಂದು ಹಿಡಿದ ಜಾಣತನವೆಂದು ಸ್ವೀಡನ್ನಿನವರು ಹೇಳಿದುದು ತಪ್ಪಲ್ಲ. ಆದರೆ ಬಂದೂಕು ಮಾಡಬೇಕಾಗಿದ್ದ ಕೆಲಸವನ್ನು ವ್ಯಾಕರಣದಿಂದ ಮಾಡಿಸಿದವನ ಮೇಲೆ ಬಹಳ ಕೋಪಗೊಳ್ಳುವುದು ನನ್ನಿಂದಾಗದು.

ಸ್ವೀಡನ್ನಿನ ಶಾಸನಸಭೆಯು ಏಕಪಕ್ಷೀಯವಾದ ಆ ನಿರ್ಣಯವನ್ನು ಮಾನ್ಯಮಾಡಲಿಲ್ಲ; ಜನರ ಇಚ್ಛೆ ಇದೇ ಎಂಬುದಕ್ಕೆ ಪ್ರಮಾಣ ಬೇಕೆಂದಿತು. ಆಗಸ್ಟ್ 13ರಂದು ನಡೆದ ಜನಮತಗಣನೆಯಲ್ಲಿ ವಿಸರ್ಜನೆಯ ಪರವಾಗಿ 3,68,208 ಮತಗಳೂ ವಿರೋಧವಾಗಿ 184 ಮತಗಳೂ ಬಂದುವು. ಮತಾಧಿಕಾರವಿಲ್ಲದ ಹೆಂಗಸರು ತಾವಾಗಿಯೇ ಮನೆಮನೆಗೆ ಹೋಗಿ ಎರಡು ಲಕ್ಷ ನಲವತ್ತು ಸಾವಿರಕ್ಕೂ ಮಿಕ್ಕು ಸಹಿಗಳನ್ನು ಕೂಡಿಸಿ ಸ್ಟೂರ್ಟಿಂಗಿಗೆ ಒಪ್ಪಿಸಿದರು. ಅವರಿಗೆ ಪೂರ್ಣ ಮತಾಧಿಕಾರವು ದೊರೆತುದು 1913ರಲ್ಲಿ. ಆ 184 ಮಂದಿ ಯಾರೋ, ಅಷ್ಟು ದೊಡ್ಡ ಪ್ರವಾಹಕ್ಕೆ ಎದುರಾಗಿ ನಿಲ್ಲಲು ಅವರಿಗಿದ್ದ ಕಾರಣವೇನೋ ಎಂದು ನಾನು ಅನೇಕ ವೇಳೆ ಕುತೂಹಲಪಟ್ಟಿದ್ದೇನೆ. ಐಡ್ಸ್‌ವೋಲಿನಲ್ಲಿ ವೇಡೆಲನ ಮಾತನ್ನು ಸಾವಧಾನವಾಗಿ ಕೇಳಿದ್ದ ದೇಶದಲ್ಲಿ ಈಗ ಆ ಪಕ್ಷದ ವಾದವನ್ನು ಬಹಿರಂಗವಾಗಿ ಆಡುವವರೇ ಇರಲಿಲ್ಲ.

ಆಗಸ್ಟ್ ಕೊನೆಯಲ್ಲಿ ಸ್ವೀಡನ್ನಿನ ಕಾರ್ಲ್‌ಸ್ಟಾಡ್ ನಗರದಲ್ಲಿ ನಾಲ್ವರು ಆ ಕಡೆಯವರೂ ನಾಲ್ವರು ಈ ಕಡೆಯವರೂ ಮೇಜಿನ ಸುತ್ತ ಕುಳಿತರು. ಗಡಿಯ ಎರಡು ಬದಿಗಳಲ್ಲಿಯೂ ಸೈನ್ಯವು ಸಜ್ಜಾಗಿದ್ದಿತು. ನಡುವೆ ಮಾತುಕತೆ ಮುರಿಯುವಂತೆಯೂ ಆಯಿತು. ಸ್ವೀಡನ್ನಿನ ಕಾರ್ಮಿಕ ಪಕ್ಷದವರು ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದುದು ಆ ಕಾಲದಲ್ಲಿ ಸಣ್ಣ ಸಂಗತಿಯಲ್ಲ; ಮುಂದೆ 1914ರಲ್ಲಿ, ರಾಷ್ಟ್ರಗಳ ಸ್ವನಿರ್ಣಯದ ಹಕ್ಕನ್ನು ಕುರಿತು ರೋಸಾ ಲಕ್ಸೆಂಬರ್ಗಳನ್ನು ಖಂಡಿಸಿ ಬರೆದಾಗ ಲೆನಿನ್ನನು ಮುಖ್ಯ ದೃಷ್ಟಾಂತವಾಗಿ ಹಿಡಿದುದು ಈ ನಾರ್ವೆಯ ಬೇರ್ಪಡೆಯನ್ನೇ. ಸೆಪ್ಟೆಂಬರ್ 23ರಂದು ಒಪ್ಪಂದವಾಯಿತು: ನಾರ್ವೆಯು ಗಡಿಯಲ್ಲಿ ಹೊಸದಾಗಿ ಕಟ್ಟಿದ ಕೋಟೆಗಳನ್ನು ಕೆಡವಬೇಕು, ಪ್ರಾಚೀನವಾದವನ್ನು ಇಟ್ಟುಕೊಳ್ಳಬಹುದು, ಗಡಿಯ ಎರಡು ಬದಿಗೂ ಸೈನ್ಯವಿಲ್ಲದ ತಟಸ್ಥ ವಲಯವಿರಬೇಕು, ವಿವಾದಗಳು ಪಂಚಾಯಿತಿಗೆ ಹೋಗಬೇಕು. ಸ್ವೀಡನ್ನಿನ ನಾಲ್ವರಲ್ಲಿ ಯಾಲ್ಮಾರ್ ಹಾಮರ್‌ಶಾಲ್ಡ್ ಎಂಬ ನ್ಯಾಯಶಾಸ್ತ್ರಜ್ಞನೊಬ್ಬನು. ಅದೇ ಜುಲೈನಲ್ಲಿ ಅವನಿಗೆ ಹುಟ್ಟಿದ್ದ ಕೂಸೇ ಮುಂದೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿ ಲೋಕಪ್ರಸಿದ್ಧನಾದ ದಾಗ್ ಹಾಮರ್‌ಶಾಲ್ಡ್.

ಅಕ್ಟೋಬರ್ 26ರಂದು ಆಸ್ಕರನು ನಾರ್ವೆಯ ಸಿಂಹಾಸನವನ್ನು ತ್ಯಜಿಸಿ, ತನ್ನ ಧ್ಯೇಯವಾಕ್ಯವನ್ನೂ ‘ಸ್ವೀಡನ್ನಿನ ಹಿತ’ವೆಂದು ಬದಲಿಸಿಕೊಂಡನು, ತನ್ನ ವಂಶದ ಯಾರನ್ನೂ ಕಳುಹಿಸಲೊಲ್ಲೆನೆಂದನು. ಗಣರಾಜ್ಯವೋ ಅರಸೊತ್ತಿಗೆಯೋ ಎಂಬ ಚರ್ಚೆಯು ನಾರ್ವೆಯಲ್ಲಿ ಭುಗಿಲೆದ್ದಿತು. ಸಿಂಹಾಸನಕ್ಕೆ ಆಹ್ವಾನಿತನಾದ ಡೆನ್ಮಾರ್ಕಿನ ರಾಜಕುಮಾರ ಕಾರ್ಲನು, ಜನರನ್ನು ಕೇಳದೆ ತಾನು ಬರುವುದಿಲ್ಲವೆಂದು ಹಟ ಹಿಡಿದುದು ಅವನ ಘನತೆಗೆ ತಕ್ಕುದಾಗಿತ್ತು. ನವೆಂಬರಿನ ಮತಗಣನೆಯಲ್ಲಿ 2,59,563 ಮಂದಿ ಅವನ ಪರವಾಗಿಯೂ 69,264 ಮಂದಿ ವಿರೋಧವಾಗಿಯೂ ಮತವಿತ್ತ ಬಳಿಕ, ಅವನು ಏಳನೆಯ ಹೋಕನ್ ಎಂಬ ಹಳೆಯ ನಾರ್ವೆಯ ಹೆಸರಿನಿಂದ ಪಟ್ಟವೇರಿದನು. ಸ್ವೀಡನ್ನಿನ ಕೂಟಕ್ಕೆ ಬಂದ 184ರ ಒಲವಿಗೂ, ಹೊಸ ಅರಸನಿಗೆ ಎದುರಾದ ಅರವತ್ತೊಂಬತ್ತು ಸಾವಿರಕ್ಕೂ ಇರುವ ಅಂತರವನ್ನು ನೋಡಿದರೆ, ಪರರೊಡನೆ ವಾದ ಮುಗಿದೊಡನೆ ಆ ಜನರು ತಮ್ಮೊಳಗೆ ಭಿನ್ನಾಭಿಪ್ರಾಯ ಪಡಲು ಮತ್ತೆ ಧೈರ್ಯತಾಳಿದರೆಂದು ತಿಳಿಯುತ್ತದೆ. ಅದು ಸ್ವಸ್ಥತೆಯ ಲಕ್ಷಣ.

ಎಲ್ಲರಿಗೂ ಶುಭವಾಯಿತೆಂದು ಈ ಕಥೆಯನ್ನು ಮುಗಿಸುವಂತಿಲ್ಲ. ಉತ್ತರದ ಹಿಮಭೂಮಿಯಲ್ಲಿ ಸಾಮಿ ಎಂಬ ಜನರು ಹಿಮಸಾರಂಗಗಳ ಹಿಂಡನ್ನು ಚಳಿಗಾಲದಲ್ಲಿ ಸ್ವೀಡನ್ನಿನ ಕಾಡುಗಳಲ್ಲಿಯೂ ಬೇಸಗೆಯಲ್ಲಿ ನಾರ್ವೆಯ ಕಡಲ ಬದಿಯಲ್ಲಿಯೂ ಮೇಯಿಸಿಕೊಂಡು ತಲೆತಲಾಂತರದಿಂದ ಬಾಳುತ್ತಿದ್ದರು. 1751ರ ಗಡಿ ಒಪ್ಪಂದವೇ ಅವರು ಹಿಂಡಿನೊಡನೆ ಆಚೀಚೆ ಹೋಗಿಬರುವ ಹಕ್ಕನ್ನು ಮನ್ನಿಸಿತ್ತು. ಕೂಟವು ಒಡೆದ ಮೇಲೆ ಆ ಗಡಿಯು ಎರಡು ಪರದೇಶಗಳ ಗಡಿಯಾಯಿತು. ಮೇವಿನ ಹಕ್ಕು ಕಾರ್ಲ್‌ಸ್ಟಾಡಿನ ಕರಾರುಗಳಲ್ಲೊಂದಾಗಿ ಸೇರಿತು, 1919ರ ಹೊಸ ಒಪ್ಪಂದದಲ್ಲಿ ಬಹಳಮಟ್ಟಿಗೆ ಮೊಟಕಾಯಿತು. ಕಾರೆಸುವಾಂಡೊ ಸೀಮೆಯ ಅನೇಕ ಸಾಮಿ ಕುಟುಂಬಗಳನ್ನು ಸ್ವೀಡನ್ನಿನ ಅಧಿಕಾರಿಗಳು ದೂರದ ದಕ್ಷಿಣಕ್ಕೆ ಬಲವಂತವಾಗಿ ಸಾಗಿಸಿದರು. ಸ್ವೀಡನ್ನಿನ ಪ್ರಜೆಗಳಾಗಿದ್ದ ಆ ಕುಟುಂಬಗಳಿಗೆ 1905ರ ಜನಮತಗಣನೆಯಲ್ಲಿ ಮತವಿರಲಿಲ್ಲ. ಕಾರ್ಲ್‌ಸ್ಟಾಡಿನ ಮೇಜಿನ ಸುತ್ತ ಕುಳಿತ ಎಂಟು ಮಂದಿಯಲ್ಲಿ ಅವರ ಕಡೆಯವನು ಒಬ್ಬನೂ ಇರಲಿಲ್ಲ.